ಯಾರೋ ಸೇದಿಟ್ಟ ನೀರು

ಕಳೆದ ಬುಧವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಎಲ್ಲ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು: "ನಿನ್ನ ಪ್ರಬಂಧದ ಈ ಸಮುದ್ರದ ನೀರು ತುಂಬಿಸಿಕೊಂಡು ಬಂದವರಲ್ಲಿ ಒಬ್ಬರನ್ನಾದರೂ ನೋಡಿದ್ದೀಯೇನಮ್ಮ?" ಇಲ್ಲ ಸರ್ ಅಂದೆ. "ಹಾಗಾದರೆ ಥ್ಯಾಂಕ್ಸ್ ಹೇಳೋದೊಂದು ಬಾಕಿ ಉಳೀತು" ಅಂದು ಸಹಿ ಹಾಕಿದರು. ಆ ಬಾಕಿಯೇ ಈ ಬರಹ.

ನನ್ನ ಪ್ರಬಂಧ ಆರ್ಕ್ಟಿಕ್ ಸಾಗರದ ವೈರಸ್ಸುಗಳ ಬಗ್ಗೆ. ಹೆದರಬೇಡಿ, ಇವು ನಮ್ಮ ತಂಟೆಗೆ ಬರುವಂಥವಲ್ಲ. ಇವುಗಳಲ್ಲಿ ಬಹುಪಾಲು, ಬ್ಯಾಕ್ಟೀರಿಯಾಗಳಿಗೆ ಗಂಟುಬೀಳುವ ಫೇಜ್‌ಗಳು. ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಲ್ಲಿ ಇವು ಹೆಚ್ಚುಕಡಿಮೆ 1 ಕೋಟಿ ಇರುತ್ತವೆ. 1989ರಲ್ಲಿ ನಾರ್ವೆಯ ಬರ್ಗೆನ್‌ನವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿ ತೋರಿಸಿದ ಮೇಲೆಯೇ ಲೋಕ ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡದ್ದು. ಕಡಲಿನ ಸೂಕ್ಷ್ಮಜೀವಿಗಳಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಐದನೇ ಒಂದು ಪಾಲನ್ನು ಇವು ದಿನವೂ ಕೊಲ್ಲುತ್ತವೆ ಅನ್ನುವುದೊಂದು ಅಂದಾಜು. ಇದನ್ನು ಕುಮಟೆಯಲ್ಲಿ ಆಯಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ದಿನಾ ಇಷ್ಟು ಸಾಯ್ತು ಅಂದ್ರೆ ಸಮುದ್ರ ನಾರ್ತಿಲ್ಯನೇ?" ನಾರುವುದಿಲ್ಲ, ಒಡೆದ ಕೋಶದಿಂದ ಹೊರಚೆಲ್ಲಿದ್ದನ್ನು ಪಕ್ಕದ ಬ್ಯಾಕ್ಟೀರಿಯಾ ಅಲ್ಲೇ ತಿಂದು ಮುಗಿಸುತ್ತದೆ. ನನ್ನ ಮೊದಲ ಅಧ್ಯಾಯದ ಅರ್ಧ ಭಾಗ ಆ ಪ್ರಶ್ನೆಗೆ ಉತ್ತರ. ಆಯೀ, ಮೊದಲ ನಮಸ್ಕಾರ ನಿನಗೆ.

2022ರ ಬೇಸಿಗೆಯಲ್ಲಿ ನಾನೇ ನೀರು ತರಲು ಹೋಗಿದ್ದೆ. ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ನೀ-ಓಲೆಸುಂಡ್, 79 ಡಿಗ್ರಿ ಉತ್ತರ. ಹಿಂದೆ ಕಲ್ಲಿದ್ದಲಿನ ಗಣಿಯಾಗಿದ್ದ ಊರು. ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಅಲ್ಲಿನ ದೊಡ್ಡ ಆಂಟೆನಾಗಳಿಗೆ ತೊಂದರೆಯಾಗಬಾರದೆಂದು ವೈಫೈ, ಬ್ಲೂಟೂತ್ ಎಲ್ಲ ಬಂದ್. ರಾತ್ರಿ ಹನ್ನೆರಡಕ್ಕೂ ಬಿಸಿಲು. ದೋಣಿಯಲ್ಲಿ ಊರ ಮುಂದಿನ ಕಡಲ ಚಾಚು ಕಾಂಗ್ಸ್‌ಫ್ಯೋರ್ಡ್‌ಗೆ ಇಳಿದಾಗ, ಹಿಮಕರಡಿ ಬಂದರೆ ಅಂತ ಹೆಗಲಿಗೆ ಬಂದೂಕು ಹಾಕಿಕೊಂಡು ನನಗೆ ಬೆನ್ನು ತಿರುಗಿಸಿ ದಡವನ್ನೇ ನೋಡುತ್ತ ನಿಂತಿರುತ್ತಿದ್ದ ಆ ಸಹೋದ್ಯೋಗಿಗೆ ಕರಡಿ ಸಿಗಲಿಲ್ಲ, ಶೀತ ಸಿಕ್ಕಿತು. ನಿಮಗೆ ಕಷಾಯದ ಸಾಲ ಇನ್ನೂ ಇದೆ ಅಣ್ಣಾ.

ವೈರಸ್ಸನ್ನು ಹಿಡಿಯುವ ಬಗೆ ಚೆಂದ. 20 ಲೀಟರ್ ಸಮುದ್ರದ ನೀರನ್ನು 0.22 ಮೈಕ್ರಾನ್ ರಂಧ್ರದ ಸೋಸುಕದಲ್ಲಿ ಹಾಯಿಸಬೇಕು. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ವೈರಸ್ಸು ನೀರಿನ ಜೊತೆ ಕೆಳಗಿಳಿಯುತ್ತದೆ. ಆ ನೀರಿಗೆ ಚೂರು ಕಬ್ಬಿಣದ ಕ್ಲೋರೈಡ್ ಹಾಕಿ ಅಲ್ಲಾಡಿಸಿ ಒಂದು ಗಂಟೆ ಸುಮ್ಮನೆ ಬಿಟ್ಟರೆ ಕಬ್ಬಿಣ ಮೆಲ್ಲಗೆ ಗರಣೆಗಟ್ಟುತ್ತದೆ, ವೈರಸ್ಸು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಸೋಸುಕದಲ್ಲಿ ಆ ಗರಣೆಯನ್ನು ಹಿಡಿದರೆ ಆಯಿತು. ಸಣ್ಣ ತಟ್ಟೆಯಗಲದ ಬಿಳಿ ಹಾಳೆ ಕಣ್ಣೆದುರೇ ಕೆಂಪಾಗುತ್ತ ಬರುತ್ತದೆ, ಥೇಟ್ ನಮ್ಮ ಕಡೆ ಮಳೆಗಾಲದಲ್ಲಿ ಬಿಳಿ ಪಂಚೆಗೆ ಹತ್ತುವ ಚಿರೇಕಲ್ಲಿನ ಮಣ್ಣಿನ ಕಲೆ. ಅದನ್ನು ಸುರುಳಿ ಸುತ್ತಿ ಟ್ಯೂಬಿಗೆ ಹಾಕಿ ನಾಲ್ಕು ಡಿಗ್ರಿಯಲ್ಲಿಡಬೇಕು.

ನಾಲ್ಕು ಡಿಗ್ರಿಯಲ್ಲೇ ಇಟ್ಟಿದ್ದೆ. ದೀಪಾವಳಿ ರಜೆಯಲ್ಲಿ ಕರೆಂಟ್ ಹೋಗಿ ಬಂತು, ಫ್ರಿಜ್ ಮತ್ತೆ ಚಾಲೂ ಆಗಲಿಲ್ಲ. ಐದು ದಿನ ಯಾರೂ ನೋಡಲಿಲ್ಲ. ಎಲ್ಲಿ, ಯಾರ ತಪ್ಪು ಅನ್ನುವುದೆಲ್ಲ ಈಗ ಬೇಡ. ಕೀಲಿ ನನ್ನ ಹತ್ತಿರವೂ ಒಂದಿತ್ತು. ಬಾಗಿಲು ತೆಗೆದಾಗ ಬಂದ ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ. ಟ್ಯೂಬುಗಳ ಮುಚ್ಚಳದ ಒಳಗೆ ಬೂದು ಬೂಷ್ಟು. ಆದರೂ ನೋಡೋಣ ಅಂತ ಡಿಎನ್‌ಎ ತೆಗೆದು ಜೆಲ್‌ನಲ್ಲಿ ಓಡಿಸಿದರೆ ಗೆರೆ ಇರಬೇಕಾದ ಕಡೆ ಬರೀ ಮಸುಕು, ಅಂದರೆ ಡಿಎನ್‌ಎ ಚೂರುಚೂರಾಗಿತ್ತು. ಆ ರಾತ್ರಿ ಒಂದೂ ಮಾತಾಡದೆ ನನ್ನ ಜೊತೆ ಕೂತು ಎಲ್ಲ ಟ್ಯೂಬುಗಳನ್ನು ತೊಳೆದ ಗೆಳತಿಗೆ ಏನು ಹೇಳಲಿ? ಬೆಳಗಿನ ಜಾವ ಅವಳು ಅಂದದ್ದು "ಬಾ, ಇಡ್ಲಿ ಸಿಗುತ್ತೆ ಈಗ" ಅಂತ ಮಾತ್ರ.

ಮೂರು ವಾರ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ಗೈಡ್ ಮೇಡಂ ಕರೆದು ಒಂದು ಚೀಟಿ ಕೊಟ್ಟರು. ಅದರಲ್ಲಿದ್ದದ್ದು ಯುರೋಪಿನ ಸಾರ್ವಜನಿಕ ಜೀನ್ ಭಂಡಾರದ ಒಂದು ಕ್ರಮಸಂಖ್ಯೆ. "ನೀರು ನಿನ್ನದೇ ಆಗಬೇಕು ಅಂತ ಯಾರು ಹೇಳಿದ್ದು?"

ಆ ಸಂಖ್ಯೆಯ ಹಿಂದೆ 'ತಾರಾ' ಇತ್ತು. 36 ಮೀಟರ್ ಉದ್ದದ, ಅಲ್ಯೂಮಿನಿಯಂ ಒಡಲಿನ ಫ್ರೆಂಚ್ ಹಾಯಿಹಡಗು. 2006ರಿಂದ 2008ರವರೆಗೆ ಬೇಕೆಂದೇ ಆರ್ಕ್ಟಿಕ್ ಹಿಮಗಡ್ಡೆಯಲ್ಲಿ ಸಿಕ್ಕಿಕೊಂಡು ತೇಲಿದ ಗಟ್ಟಿ ಜೀವ ಅದು. 2013ರ ಮೇ ತಿಂಗಳಲ್ಲಿ ಫ್ರಾನ್ಸಿನ ಲೋರಿಯಾಂ ಬಂದರಿನಿಂದ ಹೊರಟು, ರಷ್ಯಾದ ಮೇಲಿನ ದಾರಿಯಿಂದ ಹೋಗಿ ಕೆನಡಾದ ಮೇಲಿನ ದಾರಿಯಿಂದ ಬಂದು, ಸುಮಾರು 25,000 ಕಿಲೋಮೀಟರ್ ಸುತ್ತಿ ಡಿಸೆಂಬರಿನಲ್ಲಿ ಮರಳಿತು. ದಾರಿಯುದ್ದಕ್ಕೂ ಅದೇ ಸೋಸುಕ, ಅದೇ ಕಬ್ಬಿಣ. ನಾನು ನಿಂತ ನೆಲದ ಮೇಲೆ ಮಾಡಲು ಒದ್ದಾಡಿದ್ದನ್ನು ಅವರು ಹೊಯ್ದಾಡುವ ಡೆಕ್ಕಿನ ಮೇಲೆ ಮಾಡಿದ್ದರು. ಮಾಡಿ, ಸಿಕ್ಕ ಮಾಹಿತಿಯನ್ನು ಬೀಗ ಹಾಕದೆ ಬಿಟ್ಟಿದ್ದರು.

ಆ ಪ್ರಯಾಣದ ನೀರೂ ಸೇರಿ ಜಗತ್ತಿನ 145 ಮಾದರಿಗಳ ಡಿಎನ್‌ಎ ಓದಿದ ಅಧ್ಯಯನ 2019ರಲ್ಲಿ ಬಂತು, ಅಮೆರಿಕದ ಓಹಿಯೋದ ಮ್ಯಾಥ್ಯೂ ಸಲಿವನ್ ಅವರ ಗುಂಪಿನದು. ಒಟ್ಟು 1,95,728 ಬಗೆಯ ವೈರಸ್ಸುಗಳು ಸಿಕ್ಕವು, ಅದಕ್ಕೆ ಮುಂಚೆ ಗೊತ್ತಿದ್ದದ್ದರ ಸುಮಾರು 12 ಪಟ್ಟು. ಧ್ರುವದ ಕಡೆ ಹೋದಷ್ಟೂ ಜೀವವೈವಿಧ್ಯ ತೆಳುವಾಗುತ್ತದೆ ಅನ್ನುವುದು ನಾವೆಲ್ಲ ಓದಿಕೊಂಡ ಪಾಠ. ಆರ್ಕ್ಟಿಕ್ ವೈರಸ್ಸುಗಳು ಆ ಪಾಠ ಓದಿರಲಿಲ್ಲ. ಅಲ್ಲಿ ವೈವಿಧ್ಯದ ಜಾತ್ರೆಯೇ ಇತ್ತು. ಅಂಟಾರ್ಕ್ಟಿಕ್‌ನಲ್ಲಿ ಹಾಗೆ ಕಾಣಲಿಲ್ಲ, ಆದರೆ ಅಲ್ಲಿಂದ ಬಂದ ಮಾದರಿಗಳೂ ಬೆರಳೆಣಿಕೆಯಷ್ಟು. ಆ ಹೋಲಿಕೆಯನ್ನು ನಾನು ಹೆಚ್ಚು ನಂಬುವುದಿಲ್ಲ.

ಬಗೆಗಳನ್ನು ಎಣಿಸುವುದು ಒಂದು ಕೆಲಸ. ನನಗೆ ಬೇಕಿದ್ದದ್ದು ಒಂದೇ ಬಗೆಯ ಒಳಗೆ ಇರುವ ವ್ಯತ್ಯಾಸ. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಅವರು ಪೂರ್ತಿ ಕೇಳಿ, "ಪಾಠಾಂತರ ಅನ್ನು" ಅಂದರು. ಒಂದೇ ಪದ್ಯದ ಹತ್ತು ಓಲೆಗರಿ ಪ್ರತಿಗಳಲ್ಲಿ ಅಲ್ಲೊಂದು ಅಕ್ಷರ, ಇಲ್ಲೊಂದು ಪದ ಬೇರೆ ಇರುತ್ತದಲ್ಲ, ಅದೇ. ಡಿಎನ್‌ಎಯ ನೂರಕ್ಕೆ 95 ಅಕ್ಷರ ಕೂಡಿಬಂದರೆ ನಾವು ಅದನ್ನು ಒಂದೇ ಬಗೆ ಅನ್ನುತ್ತೇವೆ. ಉಳಿದ ಐದರಲ್ಲಿ ಆಟವೆಲ್ಲ. ಬ್ಯಾಕ್ಟೀರಿಯಾದ ಮೈಗೆ ಕಚ್ಚಿಕೊಳ್ಳುವ ವೈರಸ್ಸಿನ ಬಾಲದ ಜೀನುಗಳಲ್ಲಿ ಪಾಠಾಂತರ ಜಾಸ್ತಿ, ಯಾಕೆಂದರೆ ಬೀಗ ಬದಲಾದಂತೆಲ್ಲ ಕೀಲಿಯೂ ಬದಲಾಗಲೇಬೇಕು.

ಮೇಷ್ಟ್ರ ಪದ ನನಗೆ ಇನ್ನೊಂದು ಉಪಕಾರ ಮಾಡಿತು. ನಮ್ಮ ಯಂತ್ರ ಡಿಎನ್‌ಎಯನ್ನು ಓದುವುದು ಚೂರುಚೂರಾಗಿ, ಅದನ್ನು ಕಂಪ್ಯೂಟರ್ ಜೋಡಿಸಬೇಕು. ಪ್ರತಿಗಳು ಹೆಚ್ಚು ಭಿನ್ನವಾಗಿದ್ದರೆ ಅದು ಗೊಂದಲಕ್ಕೆ ಬಿದ್ದು ಪದ್ಯವನ್ನು ಅಲ್ಲೇ ಕತ್ತರಿಸಿಬಿಡುತ್ತದೆ. ಅಂದರೆ ಅತಿ ವೈವಿಧ್ಯ ಇರುವ ವೈರಸ್ಸೇ ಪಟ್ಟಿಯಿಂದ ಜಾರಿಹೋಗುತ್ತದೆ! 2017ರಲ್ಲಿ ಸ್ಪೇನಿನವರು ಮೆಡಿಟರೇನಿಯನ್ ನೀರಿನಿಂದ ಒಂದೊಂದೇ ವೈರಸ್ಸನ್ನು ಬೇರ್ಪಡಿಸಿ ಓದಿದಾಗ, ಕಡಲ ತುಂಬ ಹೇರಳವಾಗಿದ್ದ ಒಂದು ಬಗೆ ಅಲ್ಲಿಯವರೆಗೆ ಹೀಗೇ ಕಣ್ಣು ತಪ್ಪಿಸಿತ್ತೆಂದು ಗೊತ್ತಾಯಿತು. ಕತ್ತರಿಸಿ ಬಿದ್ದ ಆ ಚೂರುಗಳ ಬೆನ್ನು ಹತ್ತಿದ್ದೇ ನನ್ನ ನಾಲ್ಕನೇ ಅಧ್ಯಾಯ. ನನ್ನ ನೀರು ಹಾಳಾಗದಿದ್ದರೆ ಆ ಅಧ್ಯಾಯ ಇರುತ್ತಿರಲಿಲ್ಲ. ಅದಕ್ಕಾಗಿ ಫ್ರಿಜ್ಜಿಗೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಸರ್ವರ್ ರೂಮಿನ ಅಣ್ಣ, ಡೌನ್‌ಲೋಡ್ 97%ಗೆ ಬಂದು ನಿಂತಾಗಲೆಲ್ಲ ಬೈಯದೆ ಮತ್ತೆ ಹಚ್ಚಿಕೊಟ್ಟಿರಿ. ಮೆಸ್ಸಿನ ಅಕ್ಕ, ಹನ್ನೊಂದು ಗಂಟೆಗೂ ಮುಚ್ಚಿಟ್ಟ ಅನ್ನ ಇರುತ್ತಿತ್ತು. ಮೇಡಂ, ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ತಾರಾದ ಡೆಕ್ಕಿನ ಮೇಲೆ ಆ ಬೇಸಿಗೆ ಪಂಪು ಹಿಡಿದು ನಿಂತವರೇ, ನಿಮ್ಮ ಮಾದರಿಗಳ ಪಕ್ಕದ ಕಾಲಂನಲ್ಲಿ ತಾರೀಕು, ಆಳ, ಅಕ್ಷಾಂಶ ಇತ್ತು. ಹೆಸರು ಇರಲಿಲ್ಲ. ಬರೆದ ಕೋಡನ್ನೆಲ್ಲ ನಾನೂ ಬೀಗ ಹಾಕದೆ ಬಿಟ್ಟಿದ್ದೇನೆ, ಬೇಕಾದವರು ತೆಗೆದುಕೊಳ್ಳಿ; ಟಿಪ್ಪಣಿಗಳು ಅಲ್ಲಲ್ಲಿ ಸಿಟ್ಟಿನಲ್ಲಿ ಬರೆದವು, ಕ್ಷಮೆ ಇರಲಿ.

ಲ್ಯಾಬಿಗೆ ಹೊಸ ಫ್ರಿಜ್ ಬಂದಿದೆ. ಬಿಸಿಯೇರಿದರೆ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ. ಪಟ್ಟಿಯಲ್ಲಿ ಮೊದಲ ನಂಬರ್ ನನ್ನದು. ತಿಂಗಳ ಕೊನೆಗೆ ನಾನು ಇಲ್ಲಿಂದ ಹೊರಡುತ್ತೇನೆ. ನಿನ್ನೆ ಜೂನಿಯರ್ ಹುಡುಗ ಬಂದು "ಅಕ್ಕಾ, ನಿಮ್ಮ ನಂಬರ್ ತೆಗೀಲಾ?" ಅಂದ. ಇರಲಿ ಬಿಡು ಅಂದೆ.