ಮಗಳ ಎರಡನೇ ಕಣ್ಣಿನ ಆಪರೇಷನ್ನೂ ಆಯ್ತು, ಎಲ್ರಿಗೂ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಹೋದ ವಾರ ಮಗಳ ಎಡಗಣ್ಣಿನ ಆಪರೇಷನ್ನೂ ಚೆನ್ನಾಗಾಯ್ತು, ಫೋನ್ ಮಾಡಿದೋರಿಗೆಲ್ಲ ಒಬ್ಬೊಬ್ರಿಗೇ ಹೇಳೋಕಾಗ್ಲಿಲ್ಲ ಅಂತ ಇಲ್ಲೇ ಬರೀತಿದೀನಿ.

ಅವಳಿಗಿರೋದು ಮಾರ್ಫಾನ್ ಸಿಂಡ್ರೋಮ್, ಅಂದ್ರೆ ಕಣ್ಣು, ಮೂಳೆ, ಹಾರ್ಟ್ ಎಲ್ಲಕ್ಕೂ ತಾಗೋ, ವಂಶದಲ್ಲಿ ಬರೋ ಕಾಯಿಲೆ, ಸುಮಾರು 5000 ಜನಕ್ಕೆ ಒಬ್ರಿಗೆ ಇರತ್ತಂತೆ. ಕಣ್ಣೊಳಗೆ ಲೆನ್ಸನ್ನ ಹಿಡ್ಕೊಂಡಿರೋ ಸಣ್ಣ ಎಳೆಗಳು ಫೈಬ್ರಿಲಿನ್ ಅನ್ನೋ ಪ್ರೋಟೀನಿಂದು, ಇವಳಲ್ಲಿ ಅದೇ ಸರಿ ಇಲ್ಲ, ಹಾಗಾಗಿ ಎಳೆ ಸಡಿಲ ಆಗಿ ಲೆನ್ಸ್ ಮೇಲಕ್ಕೆ ಜರುಗಿಬಿಟ್ಟಿತ್ತು. ಇದು ಗೊತ್ತಾಗೋ ಮುಂಚೆ ಮೂರು ವರ್ಷ ಬರೀ ಕನ್ನಡಕ ಬದಲಾಯಿಸಿದ್ವಿ, ಒಂದು ಕಡೆ ಮೊಬೈಲ್ ಜಾಸ್ತಿ ನೋಡ್ತಾಳೆ ಅಂದ್ರು, ನಾನೂ ಮಗೂನ ಬೈದೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ.

ಮೊದಲ ಥ್ಯಾಂಕ್ಸ್ ಅವಳ ಕ್ಲಾಸ್ ಮಿಸ್‌ಗೆ, ಬೋರ್ಡ್ ಓದುವಾಗ ತಲೆ ಓರೆ ಮಾಡ್ತಾಳೆ ಅಂತ ಕರೆದು ಹೇಳಿದ್ದು ಅವರೇ. ಆಮೇಲೆ ಕಣ್ಣಾಸ್ಪತ್ರೇಲಿ ಕನ್ನಡಕದ ನಂಬರ್ ಚೆಕ್ ಮಾಡಿದ ಆ ಹುಡುಗಿಗೆ. "ಇದು ಬರೀ ನಂಬರ್ ಅಲ್ಲ ಮೇಡಂ" ಅಂತ ಡ್ರಾಪ್ಸ್ ಹಾಕಿ ಕೂರಿಸಿದ್ಲು, ಪಾಪೆ ಅಗಲ ಆದ್ಮೇಲೆ ನೋಡಿದ್ರೆ ಲೆನ್ಸಿನ ಅಂಚು ಮಧ್ಯಕ್ಕೇ ಕಾಣಿಸ್ತಿತ್ತು. ಡಾಕ್ಟರ್ ಬಂದೋರು ಮೊದಲು ಇವಳ ಉದ್ದ ಬೆರಳು ನೋಡಿದ್ರು, ಆಮೇಲೆ ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನ್ರನ್ನ ನೋಡಿ "ನೀವಿಬ್ರೂ ಹಾರ್ಟ್ ಎಕೋ ಮಾಡಿಸಿ" ಅಂದ್ರು, ಅಂದ್ರೆ ಹಾರ್ಟಿನ ಸ್ಕ್ಯಾನ್. ಇವರ ಮಹಾಧಮನಿ, ಅಂದ್ರೆ ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳ, ಬುಡದಲ್ಲಿ ಅಗಲ ಆಗಿದೆ ಅಂತ ಗೊತ್ತಾಗಿದ್ದು ಆವಾಗ್ಲೇ! ಇವರ ಕಣ್ಣು ಚೆನ್ನಾಗೇ ಇತ್ತು, ಮಾರ್ಫಾನ್ ಇರೋ ಎಲ್ರಿಗೂ ಲೆನ್ಸ್ ಜರುಗಲ್ಲವಂತೆ. ಈಗ ಮಾತ್ರೆ ತಗೋತಿದಾರೆ, ವರ್ಷ ವರ್ಷ ಎಕೋ. ನಮ್ಮ ಭಾವ, ಇವರ ಅಣ್ಣ, 36ಕ್ಕೇ ಹೋಗ್ಬಿಟ್ರು, ಹಾರ್ಟ್ ಅಟ್ಯಾಕ್ ಅಂದ್ಕೊಂಡಿದ್ವಿ. ಈ ಕಾಯಿಲೆ ಇದ್ದೋರ ಮಕ್ಕಳಿಗೆ ಅರ್ಧಕ್ಕರ್ಧ ಬರೋ ಛಾನ್ಸ್ ಅಂತೆ, ಅದಕ್ಕೆ ಭಾವನ ಇಬ್ರು ಮಕ್ಕಳಿಗೂ ಎಕೋ ಮಾಡಿಸಿದ್ವಿ, ಹೆದರ್ಕೊಂಡಿದ್ರೂ ಹೂಂ ಅಂದ ಅವರಮ್ಮ, ನಮ್ಮ ಅಕ್ಕಂಗೆ ಎಷ್ಟು ಹೇಳಿದ್ರೂ ಕಮ್ಮಿ.

ಹಿಡ್ಕೊಳ್ಳೋಕೆ ಎಳೆ ಇಲ್ದಿರೋದ್ರಿಂದ ಹೊಸ ಲೆನ್ಸನ್ನ ಕಣ್ಣಿನ ಬಿಳಿಭಾಗಕ್ಕೇ ಸಿಗಿಸಿದಾರೆ. ಹತ್ರ ನೋಡೋಕೆ ಕನ್ನಡಕ ಬೇಕು, ಕಣ್ಣಿನ ಹಿಂದಿರೋ ಪರದೆ, ರೆಟಿನಾ, ಬಿಟ್ಕೊಳ್ಳೋ ಭಯ ಇರೋದ್ರಿಂದ ಚೆಕಪ್ ತಪ್ಪಿಸೋ ಹಾಗಿಲ್ಲ. ಗಂಟೆ ನೋಡ್ಕೊಂಡು ಡ್ರಾಪ್ಸ್ ಹಾಕೋದು ನಮ್ಮತ್ತೆ, ರಾತ್ರಿ ಅಲಾರಂ ಇಟ್ಕೊಂಡು ಏಳ್ತಾರೆ.

ನಿನ್ನೆ ಅತ್ತೆ ಮೊರದಲ್ಲಿ ಅಕ್ಕಿ ಆರಿಸ್ತಿದ್ರು. ಇವಳು ಎಡಗಣ್ಣಿಗೆ ಶೀಲ್ಡ್ ಇದ್ರೂ ಪಕ್ಕ ಕೂತು "ಅಜ್ಜಿ, ಇಲ್ಲೊಂದು ಭತ್ತ ಬಿಟ್ಟಿದೀಯ" ಅಂತ ಎತ್ತಿ ಕೊಟ್ಲು, ಮುಂಚೆ ಮೂಗು ಮೊರಕ್ಕೆ ತಾಗೋಷ್ಟು ಬಗ್ತಿದ್ದ ಮಗು. ಅತ್ತೆ ಆ ಒಂದು ಕಾಳನ್ನ ತಗೊಂಡೋಗಿ ದೇವರ ಮುಂದೆ ಇಟ್ಟಿದಾರೆ.