ಕೈ ವಾಸಿಯಾಯಿತು, ಮಗ್ಗಕ್ಕೆ ಮರಳಿದೆ

ನಿನ್ನೆ ಸಂಜೆ ಮಗ್ಗದಿಂದ ಸೀರೆ ಕೊಯ್ದು, ನಮಗೆ ನೂಲು ಕೊಟ್ಟು ನೇಯಿಸುವ ಸಾಹುಕಾರರಿಗೆ ಕೊಟ್ಟು ಬಂದೆ. ಕೈಗೆ ಪೆಟ್ಟಾದ ಮೇಲೆ ನಾನೇ ನೇಯ್ದ ಮೊದಲ ಸೀರೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯವರಿಗೆಲ್ಲ ಒಂದು ಮಾತು ಹೇಳಲೇಬೇಕು.

ಅಡ್ಡ ನೂಲು ಹೊತ್ತು ಓಡುವ ಲಾಳಿ ಮಗ್ಗದಿಂದ ಹೊರಗೆ ಹಾರುವುದು ನೇಕಾರರಿಗೆ ಹೊಸದಲ್ಲ. ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಪವರ್‌ಲೂಮಿನ ಲಾಳಿ ಮರದ್ದು, ಎರಡೂ ತುದಿಗೆ ಲೋಹದ ಮೊನೆ. ಅದನ್ನು ತಳ್ಳುವ ಪಿಕರ್ ಹೊಡೆದ ಏಟಿಗೆ ಹಾಸಿನ, ಅಂದರೆ ಉದ್ದ ನೂಲಿನ, ಎಳೆಗಳ ನಡುವೆ ಓಡಿ ಆಚೆ ಪೆಟ್ಟಿಗೆ ಸೇರಬೇಕು. ಪಿಕರ್ ಸವೆದಿದ್ದರೆ, ಇಲ್ಲವೇ ಕಡಿದ ಎಳೆ ಅಡ್ಡ ಸಿಕ್ಕಿದರೆ, ದಾರಿ ತಪ್ಪಿ ಹೊರಗೆ ಬರುತ್ತದೆ. ಹಾಗೆ ಬಂದದ್ದು ನನ್ನ ಎಡಗೈಗೆ ಬಡಿದು ಎರಡು ಬೆರಳು ಮುರಿಯಿತು. ಆಷಾಢ ಮುಗಿಯುವ ಹೊತ್ತು ಬೇರೆ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ತಲೆ ಮೇಲಿತ್ತು.

ಕರೆಂಟಿನ ಮಗ್ಗ ಅಲ್ವಾ, ಒಂದು ಕೈ ಸಾಲದಾ ಅಂತ ನೆಂಟರೊಬ್ಬರು ಕೇಳಿದರು. ಹೊಕ್ಕು, ಅಂದರೆ ಅಡ್ಡ ನೂಲು, ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ ನಿಜ. ಹಾಸಿನ ಎಳೆ ಕಡಿದರೆ ನಮ್ಮ ಹಳೇ ಮಗ್ಗ ನಿಲ್ಲುವುದಿಲ್ಲ. ಕಣ್ಣಲ್ಲೇ ಹಿಡಿಯಬೇಕು, ನಿಲ್ಲಿಸಬೇಕು, ಗಂಟು ಹಾಕಿ ಬಾಚಣಿಗೆಯಂಥ ಹಣಿಗೆಯೊಳಗೆ ಎಳೆದುಕೊಳ್ಳಬೇಕು. ಒಂದು ಕೈಯಲ್ಲಿ ಗಂಟು ಹಾಕಿ ನೋಡಲಿ!

ಎದುರುಮನೆ ಭಾವ ಹಗಲೆಲ್ಲ ತಮ್ಮ ಮಗ್ಗ ಓಡಿಸಿ, ರಾತ್ರಿ ಬಂದು ನಮ್ಮದಕ್ಕೆ ನಿಂತರು. ಕೂಲಿ ಮಾತ್ರ ನಮ್ಮ ಮನೆಗೇ ಬಂತು. ಸಾಹುಕಾರರು ಹಾಸು ಸುತ್ತಿದ ಬೀಮು ವಾಪಸ್ ಕೇಳಲಿಲ್ಲ, ಮೇಲೆ ಮುಂಗಡವನ್ನೂ ಕೊಟ್ಟರು. ಪಕ್ಕದ ಅತ್ತಿಗೆ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟರು. ನಮ್ಮ ಮನೆ ಮಗ್ಗಕ್ಕೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇಲ್ಲ. ಇವರೇ ನಮ್ಮ ಇಎಸ್‌ಐ.

ಅಚ್ಚು ಕೆಚ್ಚುವ ಅಣ್ಣನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅವರ ಹೆಸರು ಸೀರೆ ಉಟ್ಟವರಿಗಿರಲಿ, ಮಾರುವವರಿಗೂ ಗೊತ್ತಿರುವುದಿಲ್ಲ. ಹಳೇ ಹಾಸು ಮುಗಿದಾಗ ಅದರ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ತುದಿ ಸೇರಿಸಬೇಕು, ಅದೇ ಕೆಚ್ಚುವುದು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಮಗ್ಗದ ಹಿಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಎರಡು ತುದಿ ಹಿಡಿದು ಹೊಸೆದರೆ ಮುಗಿಯಿತು, ಗಂಟೂ ಇಲ್ಲ. ಅಷ್ಟರಲ್ಲಿ ಇನ್ನೊಂದು ಎಳೆ ಕೈಯಲ್ಲಿ. ಮಾತಾಡುತ್ತಲೇ ಮಾಡುತ್ತಾರೆ, ಒಂದು ಎಳೆ ಅದಲುಬದಲಾಗುವುದಿಲ್ಲ. ನಾನು ಬ್ಯಾಂಡೇಜ್ ಕೈ ಇಟ್ಟುಕೊಂಡು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದೆ. ಇಷ್ಟು ವರ್ಷ ಅವರು ಕೆಚ್ಚುವ ಹೊತ್ತು ನಾನು ಕಾಫಿಗೆ ಹೋಗುತ್ತಿದ್ದವನು. ದುಡ್ಡು ಕೊಡಲು ಹೋದರೆ "ಮೊದಲು ಬೆರಳು ಮಡಿಸೋದು ಕಲಿ, ಆಮೇಲೆ ಎಣಿಸುವಿಯಂತೆ" ಅಂದರು. ಅಣ್ಣಾ, ಈಗ ಮಡಿಸುತ್ತಿದ್ದೇನೆ. ಬಂದು ಈಸ್ಕೊಳ್ಳಿ.

ಆಸ್ಪತ್ರೆಯಲ್ಲಿ ಬೆರಳಿಗೆ ವ್ಯಾಯಾಮ ಮಾಡಿಸಿದ ಮೇಡಂಗೂ ಥ್ಯಾಂಕ್ಸ್. ಮೆತ್ತನೆ ಚೆಂಡು ಹಿಸುಕಿಸಿ ಹಿಸುಕಿಸಿ ಅಳಿಸಿದರು, ಆದರೆ ಗಂಟು ಹಾಕುವ ಬೆರಳನ್ನ ವಾಪಸ್ ಕೊಟ್ಟರು.

ಕೊನೆಗೆ ನಮ್ಮ ಮೆಕ್ಯಾನಿಕ್. ಪಿಕರ್ ಬದಲಿಸಿ, ಹಣಿಗೆಯ ಮೇಲಿನ ಪಟ್ಟಿಗೆ ಲಾಳಿ ತಡೆಯುವ ಕಂಬಿ ಕೂರಿಸಿಕೊಟ್ಟರು. ಎಳೆ ತೆಗೆಯುವಾಗ ಕೈಗೆ ಸ್ವಲ್ಪ ಅಡ್ಡ ಬರುತ್ತದೆ, ಇರಲಿ. ಯಾರಿಗಾದರೂ ಹಾಕಿಸಬೇಕಿದ್ದರೆ ಹೇಳಿ, ಅವರನ್ನು ಕರೆದುಕೊಂಡು ನಾನೇ ಬರುತ್ತೇನೆ.