ನಿಮ್ಮ ಶೆಡ್ಡಿನ ಟಿಸಿ (ಟ್ರಾನ್ಸ್‌ಫಾರ್ಮರ್) ಎಣ್ಣೆ ಕೆರೆಗೆ ಹೋಗ್ತಿದೆ, ಟೆಸ್ಟ್ ರಿಪೋರ್ಟ್ ತೋರಿಸಿ

ಮ್ಯಾನೇಜರ್ ಸಾಹೇಬ್ರಿಗೆ ನಮಸ್ಕಾರ,

ನಿಮ್ಮ ಟಿಸಿ ರಿಪೇರಿ ಶೆಡ್ ಹಿಂದಿನ ಬೀದೀಲಿ ನಮ್ಮನೆ. ಗೋಡೆ ಬುಡದಲ್ಲಿ ಸುಟ್ಟ ಟಿಸಿಗಳನ್ನ ಸಾಲಾಗಿ ಇಟ್ಟಿದೀರಲ್ಲ, ಅದರಿಂದ ಎಣ್ಣೆ ಸೋರಿ ಸೋರಿ ಮಣ್ಣೆಲ್ಲ ಕಪ್ಪಾಗಿದೆ, ಮಳೆ ಬಂದ್ರೆ ಚರಂಡಿ ಹಿಡಿದು ನೇರ ಕೆರೆಗೆ ಹೋಗುತ್ತೆ, ನಮ್ಮ ಹಸು ನೀರು ಕುಡಿಯೋದೂ ಅಲ್ಲೇ ಊರೋರು ಮೀನು ಹಿಡಿಯೋದೂ ಅಲ್ಲೇ. ಎರಡು ಸಲ ಬಂದು ಹೇಳಿದೆ. "ಬರೀ ಮಿನರಲ್ ಆಯಿಲ್, ಏನೂ ಆಗಲ್ಲ ಹೋಗಿ" ಅಂದ್ರು ನಿಮ್ಮ ಸೂಪರ್‌ವೈಸರ್.

ಟೆಸ್ಟ್ ಮಾಡಿಸದೆ ಅದು ಹೇಗೆ ಗೊತ್ತಾಯ್ತು ಸಾರ್? ಹಿಂದೆ ಟ್ರಾನ್ಸ್‌ಫಾರ್ಮರು, ಕೆಪಾಸಿಟರಿಗೆಲ್ಲ ಬೇಗ ಬೆಂಕಿ ಹತ್ತಲ್ಲ ಅಂತ ಪಿಸಿಬಿ ಅನ್ನೋ ಕ್ಲೋರಿನ್ ಇರೋ ಎಣ್ಣೆ ಹಾಕ್ತಿದ್ರು. ಈಗಿನ ಟಿಸಿಲಿ ಅದನ್ನ ಹಾಕಲ್ಲ, ಒಪ್ತೀನಿ, ಆದ್ರೆ ಹಳೇದು ಹೊಸದು ಎಲ್ಲಾ ಒಂದೇ ಫಿಲ್ಟರ್ ಮಿಷಿನ್ನಲ್ಲಿ ತಿರುಗಿಸಿದ್ರೆ ಒಳ್ಳೇ ಎಣ್ಣೆಗೂ ಸೇರ್ಕೊಳ್ಳುತ್ತೆ. ಬೇಗ ನಾಶವಾಗದ ಇಂಥ ವಿಷಗಳ ಬಗ್ಗೆ ದೇಶಗಳು ಮಾಡ್ಕೊಂಡಿರೋ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಪಿಸಿಬಿಗೆ ಕೆಜಿಗೆ 50 ಮಿಲಿಗ್ರಾಂ ಅಂತ ಮಿತಿ ಇದೆ, ಅಷ್ಟಿದ್ರೂ ಕಣ್ಣಿಗೆ ಕಾಣಲ್ಲ, ಲ್ಯಾಬಲ್ಲೇ ನೋಡ್ಬೇಕು.

ಇದು ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಕರಗುತ್ತೆ. ಕೆರೆ ಹೂಳಲ್ಲಿ ವರ್ಷಾನುಗಟ್ಟಲೆ ಕೂತಿದ್ದು ಹುಳದಿಂದ ಮೀನಿಗೆ, ಮೀನಿಂದ ಮನುಷ್ಯರಿಗೆ ಬರ್ತಾ ಬರ್ತಾ ಜಾಸ್ತಿ ಆಗುತ್ತೆ, ಹಸು ಹಾಲಲ್ಲೂ ತಾಯಿ ಹಾಲಲ್ಲೂ ಇಳಿಯುತ್ತೆ. 1968ರಲ್ಲಿ ಜಪಾನಲ್ಲಿ ತೌಡಿನ ಎಣ್ಣೆ ಫ್ಯಾಕ್ಟರಿ ಪೈಪಿಂದ ಪಿಸಿಬಿ ಸೋರಿ ಅಡುಗೆ ಎಣ್ಣೆಗೆ ಸೇರಿ ಜನಕ್ಕೆ ಮೈತುಂಬ ಗುಳ್ಳೆ ಎದ್ದವು, ಬಸುರಿಯರಿಗೆ ಹುಟ್ಟಿದ ಮಕ್ಕಳ ಚರ್ಮನೂ ಕಪ್ಪಾಗಿತ್ತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಇದು ಮನುಷ್ಯರಿಗೆ ಕ್ಯಾನ್ಸರ್ ತರೋದೇ ಅಂತ ಹೇಳಿದಾರೆ.

ಇನ್ನೊಂದು ವಿಷ್ಯ, ಇದೇ ನಂಗೆ ನಿದ್ದೆ ಕೆಡಿಸಿರೋದು. ನಿಮ್ಮ ಹುಡುಗರು ಆ ಎಣ್ಣೆನ ಬಾಟ್ಲಿಗೆ ತುಂಬಿ ಊರೋರಿಗೆ ಕೊಡ್ತಾರೆ, ಮಂಡಿನೋವಿಗೆ ಒಳ್ಳೇದು ಅಂತ. ನಮ್ಮಜ್ಜಿ ಎರಡು ವರ್ಷದಿಂದ ದಿನಾ ರಾತ್ರಿ ಹಚ್ಕೊಂಡು ಮಲಗ್ತಿದ್ರು, ಅದೇ ಕೈಯಲ್ಲಿ ಮರಿಮಗಳನ್ನ ಎತ್ಕೊಳ್ತಿದ್ರು. ಪಿಸಿಬಿ ಇದ್ರೆ ಚರ್ಮದಿಂದಲೇ ಒಳಗೆ ಹೋಗುತ್ತೆ ಸಾರ್.

ಕೇಂದ್ರ ಸರ್ಕಾರದ್ದು 2016ರ ಆದೇಶ ಇದೆ, ಪಿಸಿಬಿ ತಯಾರಿಕೆ, ಆಮದು ಎರಡೂ ನಿಷೇಧ, ಬಳಕೆಗೂ 2025 ಡಿಸೆಂಬರ್ 31 ಕೊನೆ ದಿನ ಅಂತ. ಹಾಗಾಗಿ ಶೆಡ್ಡಲ್ಲಿರೋ ಪ್ರತಿ ಡ್ರಮ್ಮಿನ ಎಣ್ಣೆನೂ, ಗೋಡೆ ಬುಡದ ಮಣ್ಣನ್ನೂ ಟೆಸ್ಟ್ ಮಾಡಿಸಿ, ಎಣ್ಣೆ ಟೆಸ್ಟಿಗೆ ಬೆಂಗಳೂರಲ್ಲೇ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ, ರಿಪೋರ್ಟ್ ಪಂಚಾಯ್ತಿ ಬೋರ್ಡಿಗೆ ಹಾಕಿ. ಟಿಸಿಗಳನ್ನ ಸಿಮೆಂಟ್ ಕಟ್ಟೆ ಕಟ್ಟಿ ಸೂರಿನ ಕೆಳಗಿಡಿ. ಬಾಟ್ಲಿ ಕೊಡೋದು ಇವತ್ತೇ ನಿಲ್ಲಬೇಕು. ದಯವಿಟ್ಟು ಕಾಟಾಚಾರಕ್ಕೆ ಮಣ್ಣು ಕೆರೆದು ಬೆಂಕಿ ಹಚ್ಬೇಡಿ, ಪಿಸಿಬಿ ಅರೆಬರೆ ಸುಟ್ರೆ ಡಯಾಕ್ಸಿನ್, ಫ್ಯುರಾನ್ ಅನ್ನೋ ವಿಷ ಹುಟ್ಟುತ್ತೆ, ಅದು ಇನ್ನೂ ಕೆಟ್ಟದ್ದು.

ಅಜ್ಜಿ ಹಚ್ತಿದ್ದ ಬಾಟ್ಲಿಲಿ ಇನ್ನೂ ಅರ್ಧ ಉಳಿದಿದೆ, ಎತ್ತಿಟ್ಟಿದೀನಿ. ಸ್ಯಾಂಪಲ್ ಕಳಿಸುವಾಗ ಅದನ್ನೂ ಸೇರಿಸಿ, ನಾನೇ ತಂದು ಕೊಡ್ತೀನಿ.

ಇಂತಿ,
ಶೆಡ್ ಹಿಂದಿನ ಬೀದಿಯ ನಿವಾಸಿ